ನಲವತ್ತೇಳನೇ ಪುಟದ ಟಿಪ್ಪಣಿ

ಸೋಮವಾರ, ಬೆಳಗ್ಗೆ ೧೧.೨೦
ಮತದಾರರ ಪಟ್ಟಿಯ ತಿದ್ದುಪಡಿ, ಮೂರು ಕಟ್ಟು ಮುಗಿಸಿದ್ದೆ. ಸಾಹೇಬರು ಕರೆದರು. ಬಾಗಿಲು ಹಾಕಿಸಿದರು. ಗಿರಣಿ ಹಿಂದಿನ ಬೀದಿಗಳ ೬೧೨ ಹೆಸರು ತೆಗೆಯಬೇಕಂತೆ. ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ, ಅಷ್ಟರೊಳಗೆ.

"ನೋಟಿಸ್ ಕೊಡದೇನಾ ಸಾರ್?"

"ಆ ಬೀದಿಯವರು ಸರ್ಕಾರಕ್ಕೆ ಓಟು ಹಾಕಲ್ಲ ಅಂತ ಗೊತ್ತಲ್ಲ. ಮೇಲಿಂದ ಹೇಳಿದ್ದಾರೆ, ತೆಗೀರಿ."

"ಆರ್ಡರ್?"

"ಬಾಯಲ್ಲಿ ಹೇಳಿದ್ದು ಸಾಲದಾ?"

ಸಾಲದು. ಮೂವತ್ತು ವರ್ಷ ಫೈಲ್ ಬರೆದ ಕೈ ಇದು. ತುರಿಸತೊಡಗಿದೆ.

ಅದೇ ದಿನ, ೧೨.೩೦
ಫೈಲಿನಲ್ಲಿ ಬರೆದೇಬಿಟ್ಟೆ! "ಇಂದು ೧೧ ಗಂಟೆಗೆ ಅಧಿಕಾರಿಗಳು ಮೌಖಿಕವಾಗಿ ಸೂಚಿಸಿದಂತೆ, ನೋಟಿಸ್ ನೀಡದೆ ೬೧೨ ಹೆಸರು ತೆಗೆಯಬೇಕಿದೆ. ನಿಯಮದಲ್ಲಿ ಅವಕಾಶವಿಲ್ಲ. ಲಿಖಿತ ಆದೇಶ ಕೋರಿದೆ." ಸಹಿ, ತಾರೀಕು.

ಸಾಹೇಬರ ಮುಖ ಕೆಂಡ. "ಏನ್ರಮ್ಮಾ ಇದು? ಹರಿದು ಹಾಕಿ!"

"ನಲವತ್ತೇಳನೇ ಪುಟ ಸಾರ್, ನಂಬರ್ ಬಿದ್ದಿದೆ. ಹರಿದ್ರೆ ಯಾಕೆ ಹರಿದೆ ಅಂತ ನಲವತ್ತೆಂಟರಲ್ಲಿ ಬರೀಬೇಕಾಗುತ್ತೆ."

ಫೈಲ್ ಎದೆಗವಚಿಕೊಂಡು ಹೊರಬಂದೆ. ಎಂಥ ಖುಷಿ!

ಮಂಗಳವಾರ
ಯಜಮಾನರಿಗೆ ಹೇಳಿದೆ. ಹೊಲಿಗೆ ಮಿಷನ್ ನಿಂತಿತು. "ಪಿಂಚಣಿಗೆ ಇನ್ನೆರಡೇ ವರ್ಷ ಕಣೇ. ನಿನಗ್ಯಾಕೆ ಇಲ್ಲದ ಉಸಾಬರಿ?" ಗಿರಾಕಿ ದನಿ ಏರಿಸಿದರೂ ಬೆಚ್ಚುವ ಜೀವ. ಜಗಳವಾಡಲು ಮನಸ್ಸು ಬರಲಿಲ್ಲ.

ಬುಧವಾರ, ಮಧ್ಯಾಹ್ನ
ಸಸ್ಪೆಂಡ್! ಇದಕ್ಕೆ ಮಾತ್ರ ಲಿಖಿತ ಆದೇಶ ಹತ್ತೇ ನಿಮಿಷದಲ್ಲಿ ಹುಟ್ಟಿತು. ಫೈಲ್ ಪಕ್ಕದ ಟೇಬಲ್ಲಿನ ಗೊಣಗಪ್ಪನಿಗೆ. ನಾವಿಟ್ಟ ಹೆಸರು — ಫ್ಯಾನ್ ತಿರುಗಿದರೂ ಗೊಣಗುತ್ತಾನೆ, ನಿಂತರೂ ಗೊಣಗುತ್ತಾನೆ. ಇವನೇನು ಎದುರು ನಿಂತಾನು... ಬಸ್ಸಿನಲ್ಲಿ ಅಳು ಬಂತು.

ಗುರುವಾರ, ೪ ಗಂಟೆ
ಗೊಣಗಪ್ಪನ ಫೋನ್! "ಏನಮ್ಮಾ, ನಿಮ್ಮ ದೆಸೆಯಿಂದ ನಂಗೂ ಮನೇಲಿ ಕೂರೋ ಹಾಗಾಯ್ತು. 'ಮೇಲಿನ ಟಿಪ್ಪಣಿಗೆ ಸಹಮತವಿದೆ' ಅಂತ ಗೀಚಿಬಿಟ್ಟೆ." ಫೈಲ್ ಕಾನೂನು ಸೆಕ್ಷನ್ನಿನ ಅಕ್ಕನಿಗೆ ಹೋಯಿತಂತೆ. ಅವಳೂ ಅದನ್ನೇ ಬರೆದಳಂತೆ! ಆಮೇಲೆ ಟೈಪಿಸ್ಟ್. ಅವನೂ!

ಶುಕ್ರವಾರ, ೫.೧೦
ಮತ್ತೆ ಗೊಣಗಪ್ಪನ ಫೋನ್. ಪಟ್ಟಿ ಮುಚ್ಚಿತು. ೬೧೨ ಹೆಸರೂ ಇವೆ! ಕೊನೆಗೆ ಸಾಹೇಬರೊಬ್ಬರೇ ಉಳಿದರಂತೆ. ಸ್ವಂತ ಸಹಿ ಹಾಕಲು ಧೈರ್ಯವಾಗದೆ, ಪೆನ್ನು ಜೇಬಿಗಿಟ್ಟು ಮನೆಗೆ ಹೋದರಂತೆ. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ವಯಸ್ಸು ಐವತ್ತೆಂಟು, ನಾಚಿಕೆ ಮೂರು ಕಾಸಿನದ್ದೂ ಇಲ್ಲ.

ಶುಕ್ರವಾರ, ೬.೪೦
ಹೊರಗೆ ಜೀಪು. ಪೊಲೀಸರು ಇಬ್ಬರು. ಫೈಲಿನ ಗುಟ್ಟು ರಟ್ಟು ಮಾಡಿದೆನಂತೆ, ವಿಚಾರಣೆಗೆ ಈಗಲೇ ಬರಬೇಕಂತೆ. ಯಜಮಾನರು ಬಾಗಿಲಿಗೆ ಅಡ್ಡ ನಿಂತಿದ್ದಾರೆ. ದನಿ ನಡುಗುತ್ತಿದೆ. ಜಾಗ ಮಾತ್ರ ಬಿಡುತ್ತಿಲ್ಲ.

"ಅವಳು ಬರೀತಾ ಇದಾಳೆ. ಮುಗಿಯೋವರೆಗೂ ಕೂತಿರಿ."

ಅಯ್ಯೋ ದೇವರೇ, ಇವರಾ! ನನ್ನ ಯಜಮಾನರಾ! ಬರೆಯುತ್ತೇನೆ, ನಿಧಾನವಾಗಿ, ದುಂಡಗೆ, ಇನ್ನೂ ಒಂದು ಪುಟ —