ನಿಯತ್ತಲ್ಲ ಅಣ್ಣ, ಅದು ಭಯ

ಅಣ್ಣಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಬೈಯಬೇಕೆಂದೇ ಬರೆಯಲು ಕೂತಿದ್ದೇನೆ. ನೀನಿದ್ದಾಗ ಅದು ಆಗುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನೀನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿಯುತ್ತಿದ್ದೆ. ಈಗ ಎಲ್ಲಿಗೆ ಹೋಗುತ್ತೀಯ? ಪೂರ್ತಿ ಕೇಳು.

ಎದೆ ಹಿಡಿದುಕೊಂಡು ಜಗುಲಿಯಲ್ಲಿ ಕೂತ ಆ ಬೆಳಿಗ್ಗೆ ನೆನಪಿದೆಯಾ? “ಗ್ಯಾಸು ಕಣಮ್ಮಿ, ಒಂದ್ ಸೋಡ ಕುಡುದ್ರೆ ಸರೋಯ್ತದೆ” ಅಂದೆ. ಹುಣಸೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದರೆ, ಎಲೆ ಒಣಗಿಸುವ ಬ್ಯಾರನ್‌ನಲ್ಲಿ ತಂಬಾಕು ಬೇಯುತ್ತಿದೆ, ಬೆಂಕಿ ನೋಡುವವರು ಯಾರು ಎಂದೆ. ನೀನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಮಧ್ಯಾಹ್ನ ನಾನು ಅಂಗನವಾಡಿ ಕೆಲಸ ಮುಗಿಸಿ ಬರುವ ಹೊತ್ತಿಗೆ ನೀನು ಅದೇ ಬ್ಯಾರನ್ ಬಾಗಿಲಲ್ಲಿ ಬಿದ್ದಿದ್ದೆ. ಪಕ್ಕದಲ್ಲಿ ನೀನು ಸಾಕಿದ ನಾಯಿ ಕೂತು ನಿನ್ನ ಕಿವಿ ನೆಕ್ಕುತ್ತಿತ್ತು. ನಾನು ಓಡಿಬಂದು ನಿನ್ನ ಕಡೆ ಕೈ ಚಾಚಿದೆ ನೋಡು, ಅದು ಬಾಲ ಮುದುರಿಕೊಂಡು ತಂಬಾಕು ಕಡ್ಡಿಯ ರಾಶಿಯ ಹಿಂದೆ ಅಡಗಿತು. ನೀನು ಸತ್ತ ಗಳಿಗೆಯಲ್ಲೂ ಅದಕ್ಕೆ ನನ್ನ ಕೈಯ ಭಯ.

ನಿನ್ನನ್ನು ಹೊಲದಲ್ಲಿ ಮಣ್ಣು ಮಾಡಿದ ಮೇಲೆ ಅದು ಆ ಗುಡ್ಡೆಯ ಪಕ್ಕವೇ ಮಲಗಿತು. ಊಟ ಇಟ್ಟರೆ ಮೂಸಲೂ ಇಲ್ಲ. ಪಕ್ಕದ ಹೊಲದ ಜವರಣ್ಣ ನೋಡಿದ, ಕಣ್ಣೊರೆಸಿಕೊಂಡ, ಹೊಸ ಫೋನು ತೆಗೆದು ವಿಡಿಯೋ ಮಾಡಿದ. “ನೋಡವ್ವ, ಮನುಸ್ರಲ್ಲಿ ಎಲ್ಲೈತೆ ಈ ನಿಯತ್ತು? ಧಣಿ ಕೈಲಲ್ದೆ ಇನ್ನೊಬ್ರ ಕೈಲಿ ಒಂದಗುಳು ಮುಟ್ಟಲ್ಲ ಅಂತದೆ” ಅಂದ. ಆ ವಿಡಿಯೋ ಹನಗೋಡು ದಾಟಿ ಪಿರಿಯಾಪಟ್ಟಣದವರೆಗೂ ಹೋಯಿತು. ಗೊತ್ತಿಲ್ಲದ ಜನರೆಲ್ಲ ಬೈಕಿನಲ್ಲಿ ಬಂದು ನೋಡಿ ಹೋದರು. ಒಬ್ಬಳು ಕುಂಕುಮ ತಂದಿದ್ದಳು, ನಾಯಿಯ ಹಣೆಗೆ ಇಡುವುದಕ್ಕೆ. ಅದು ಅವಳ ಕೈ ಕಂಡು ನೆಲಕ್ಕೆ ಅಂಟಿಕೊಂಡು ನಡುಗುತ್ತಿದ್ದರೆ, “ಎಷ್ಟು ವಿನಯ ನೋಡಿ” ಅಂದಳು. ನನ್ನ ಮೈ ಉರಿದುಹೋಯಿತು. ವಿನಯವಂತೆ. ನಿಯತ್ತಂತೆ. ಅದು ಹೆದರಿಕೆ ಎಂದು ಅಷ್ಟು ಜನರಲ್ಲಿ ಒಬ್ಬರಿಗಾದರೂ ಕಾಣಬಾರದಾ?

ಕೆಂಚ ಸತ್ತ ದಿನ ನೀನು ಅತ್ತದ್ದನ್ನು ನೋಡಿದವಳು ನಾನೊಬ್ಬಳೇ. ನಮ್ಮ ಹಳೆಯ ನಾಯಿ ಕೆಂಚ ಊರಿಗೆಲ್ಲ ನೆಂಟ. ಬಸ್ಸಿಗೆ ಕಾಯುವವರ ಜೊತೆ ಕೂತು ಅವರ ಬನ್ನಿನಲ್ಲಿ ಪಾಲು ಕೇಳುತ್ತಿತ್ತು. ಕುರಿ ಕದಿಯಲು ಬಂದವರು ಮಾಂಸದಲ್ಲಿ ವಿಷ ಇಟ್ಟು ಕೊಟ್ಟರು. ಯಾರ ಕೈಯನ್ನೂ ಅನುಮಾನಿಸದ ನಾಯಿ, ತಿಂದಿತು. ನೀನು ಹೋದ ಕುರಿಗಳ ಮಾತೇ ಎತ್ತಲಿಲ್ಲ. ಕೆಂಚನನ್ನು ಮಡಿಲಲ್ಲಿ ಹಾಕಿಕೊಂಡು ಕೂತುಬಿಟ್ಟೆ, ಗುಂಡಿ ತೋಡಲು ಬಂದವರನ್ನು ಬೈದು ಕಳಿಸಿದೆ. ಹಾಗಾಗಿ ನಿನಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಇರಲಿಲ್ಲ ಅಂದಿದ್ದರೆ ನನಗಿಷ್ಟು ಸಿಟ್ಟೂ ಬರುತ್ತಿರಲಿಲ್ಲ.

ಆಮೇಲೆ ನೀನು ಕೋಟೆ ತಾಲ್ಲೂಕಿನ ಕಡೆಯಿಂದ ಈ ಮರಿಯನ್ನು ತಂದೆ. ಇನ್ನೂ ನೆಟ್ಟಗೆ ಓಡಲು ಬಾರದ ಕೂಸು. “ಅಮ್ಮೀ, ಒಸಿ ಮುದ್ದೆ ಇಡ್ಕೊಂಡು ಬಾ ಇಲ್ಲಿ” ಎಂದು ಕರೆದೆ. ನಾನು ಸಂತೋಷವಾಗಿ ಬಂದೆ. ಅಂಗೈಯಲ್ಲಿ ಮುದ್ದೆಯ ಚೂರು ಇಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತೆ. ಮರಿ ಮೈಯೆಲ್ಲ ಬಾಲ ಮಾಡಿಕೊಂಡು ಬಂತು, ನನ್ನ ಬೆರಳಿಗೆ ಮೂಗು ತಾಗಿಸಿತು. ಅಷ್ಟರಲ್ಲಿ ನಿನ್ನ ಕೋಲು ಅದರ ಬೆನ್ನ ಮೇಲೆ ಬಿತ್ತು. ನಾನು ಕಿರುಚಿದೆ. “ಸುಮ್ಕಿರು, ಕೆಂಚುನ್ ಗತಿ ಇದ್ಕೂ ಬರ್ಬೇಕಾ?” ಅಂದೆ ನೀನು. ಮಾರನೆಯ ದಿನ ಮತ್ತೆ ಕರೆದೆ, ನಾನು ಬರುವುದಿಲ್ಲ ಎಂದೆ. ನೀನು ಬಿಟ್ಟೆಯಾ? ಜವರಣ್ಣನನ್ನು ಕರೆದೆ, ಹಾಲಿನ ಡೇರಿಗೆ ಹೋಗುವವರನ್ನು ಕರೆದೆ, ಅವರ ಕೈಗೆಲ್ಲ ಮುದ್ದೆ ಕೊಟ್ಟು ಮರಿಯನ್ನು ಬಡಿದೆ. ಹೆಸರಿಟ್ಟರೆ ಯಾರು ಬೇಕಾದರೂ ಕರೆಯುತ್ತಾರೆ ಎಂದು ಹೆಸರನ್ನೂ ಇಡಲಿಲ್ಲ. ಮಾಡಿದವನು ಯಾವನೋ ಕಳ್ಳ, ಏಟು ತಿಂದದ್ದು ಈ ಮರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ ಅಲ್ಲವಾ?

ಟೀ ಅಂಗಡಿಯ ಮುಂದೆ ನೀನು ಅದನ್ನು ಆಡಿಸುತ್ತಿದ್ದ ಆಟ ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಯಾರೋ ಬಿಸ್ಕತ್ತು ಎಸೆಯುವುದು, ಅದು ಮುಖ ತಿರುಗಿಸುವುದು, ಎಲ್ಲರೂ ಭೇಷ್ ಅನ್ನುವುದು, ನೀನು ಮೀಸೆಯಡಿ ನಗುವುದು. ಆಮೇಲೆ ಅದೇ ಬಿಸ್ಕತ್ತನ್ನು ನೀನು ಎತ್ತಿ ಕೊಟ್ಟರೆ ಗಬಕ್ಕನೆ ತಿನ್ನುವುದು. ಎಷ್ಟು ಮೆರೆದೆ ಅಣ್ಣ. ಎಲ್ಲ ಲೆಕ್ಕ ಹಾಕಿದವನು ಒಂದನ್ನು ಮರೆತೆ. ನಾನು ಸತ್ತರೆ ಇದರ ಹೊಟ್ಟೆಗೆ ಯಾರು ಹಾಕಬೇಕು ಅಂತ ಒಂದು ದಿನವಾದರೂ... ಬಿಡು. ನಾನು ಸಾಯುವವನೇ ಅಲ್ಲ ಅಂದುಕೊಂಡಿದ್ದೆ ನೀನು.

ಕುರಿಗಳಿಗೆ ಲಸಿಕೆ ಹಾಕಲು ಬಂದ ಪಶುವೈದ್ಯರು ನಾಯಿಯನ್ನು ದೂರದಿಂದಲೇ ನೋಡಿದರು. ಕಾಲುವೆಯ ನೀರು, ಗದ್ದೆಯಲ್ಲಿ ಸಿಕ್ಕರೆ ಒಂದು ಇಲಿ, ಅಷ್ಟರಲ್ಲೇ ಜೀವ ಹಿಡಿದಿತ್ತು ಅದು. ಪಕ್ಕೆಲುಬು ಎಣಿಸಬಹುದಿತ್ತು. “ಡ್ರಿಪ್ಪಾದ್ರೂ ಹಾಕೋಣ ಅಂದ್ರೆ ಮುಟ್ಟೋಕ್ ಬಿಡ್ತಿಲ್ವಲ್ಲಮ್ಮ. ನೀವು ಏನಾದ್ರೂ ಮಾಡಿ ತಿನ್ನಿಸ್ದೆ ಹೋದ್ರೆ ಇದು ಉಳಿಯಲ್ಲ” ಎಂದು ಹೇಳಿ ಹೋದರು. ನಾನು ಏನಾದರೂ ಮಾಡಬೇಕಂತೆ. ಊರಲ್ಲಿ ಎಲ್ಲರಿಗಿಂತ ಮೊದಲು ಅದಕ್ಕೆ ಏಟು ತಂದುಕೊಟ್ಟ ಕೈ ನನ್ನದು, ಆ ಕೈಯಿಂದಲೇ ತಿನ್ನಿಸಬೇಕಂತೆ.

ನಿನ್ನ ಅಂಗಿ ಹಾಕಿಕೊಳ್ಳಲು ಹೇಳಿದವನು ಜವರಣ್ಣ. “ವಾಸ್ನೆ ನೋಡಿ ಬತ್ತದೆ ಕಣವ್ವ” ಅಂದ. ಒಗೆಯದೆ ಇಟ್ಟಿದ್ದ ಆ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟುಕೊಂಡು ಹೊಲಕ್ಕೆ ಹೋದೆ. ಅದು ತಲೆ ಎತ್ತಿತು. ಮೂಗು ಅರಳಿಸಿತು. ಅಣ್ಣಾ, ಅದು ಎದ್ದು ಓಡಿಬಂತು. ಕಾಲಲ್ಲಿ ಬಲವಿಲ್ಲದೆ ನಡುವೆ ಒಂದು ಸಲ ಮುಗ್ಗರಿಸಿತು, ಮತ್ತೆ ಎದ್ದು ಕುಂಯ್‌ಗುಡುತ್ತ ಬಂತು. ಹತ್ತಿರ ಬಂದು ನೋಡಿದರೆ ಅಂಗಿಯೊಳಗೆ ನಾನು, ಚಾಚಿದ ನನ್ನ ಅಂಗೈಯಲ್ಲಿ ಮುದ್ದೆ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನಾನು ಅಂಗಿಯನ್ನು ಕಿತ್ತು ಬದುವಿಗೆ ಎಸೆದೆ. ನಿನ್ನ ಮೇಲೆ, ಜವರಣ್ಣನ ಮೇಲೆ, ಅವನ ಮಾತು ಕೇಳಿದ ನನ್ನ ಮೇಲೆ, ಎಲ್ಲರ ಮೇಲೂ ಕೋಪ ಬಂದು ಅಲ್ಲೇ ಕೂತು ಅತ್ತೆ. ಮೋಸ ಮಾಡಿ ಯಾರನ್ನಾದರೂ ನಂಬಿಸುವುದಕ್ಕಾಗುತ್ತದಾ?

ಅಂಗನವಾಡಿಗೆ ಹೊಸದಾಗಿ ಬರುವ ಮಕ್ಕಳನ್ನು ನೀನು ನೋಡಿದ್ದೀಯ. ಬಾಗಿಲು ಹಿಡಿದುಕೊಂಡು ಒಳಗೆ ಬರುವುದಿಲ್ಲ. ನಾನು ಅವರನ್ನು ಕರೆಯುವುದಿಲ್ಲ, ನೋಡುವುದೂ ಇಲ್ಲ. ನನ್ನ ಪಾಡಿಗೆ ಮೊರ ಹಾಕಿಕೊಂಡು ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತ ಕೂತಿರುತ್ತೇನೆ. ಸ್ವಲ್ಪ ಹೊತ್ತಿಗೆ ತಾವಾಗಿ ಬಂದು ಪಕ್ಕದಲ್ಲಿ ಕೂತು ಕಾಳಿಗೆ ಕೈ ಹಾಕುತ್ತಾರೆ. ನನಗೆ ಬರುವ ವಿದ್ಯೆ ಇದೊಂದೇ, ಅದನ್ನೇ ಮಾಡಿದೆ. ಸಂಜೆ ಸಂಜೆ ತಟ್ಟೆ ಹಿಡಿದುಕೊಂಡು ಹೊಲಕ್ಕೆ ಹೋಗಿ, ಅದಕ್ಕೆ ಬೆನ್ನು ಹಾಕಿ ಕೂತು ನನ್ನ ಊಟ ನಾನು ಉಂಡೆ. ಒಂದು ಚೂರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹಿಂದಕ್ಕೆ ಇಟ್ಟು, ಎರಡೂ ಕೈಯನ್ನು ತಟ್ಟೆಯ ಮೇಲೆ ಕಾಣುವಂತೆ ಇಟ್ಟುಕೊಂಡೆ. ಮೊದಮೊದಲು ಇರುವೆ ತಿಂದವು. ಆಮೇಲೆ ಒಂದು ಸಂಜೆ ಬೆನ್ನ ಹಿಂದೆ ನಾಲಿಗೆಯ ಸದ್ದು ಕೇಳಿಸಿತು. ನಾನು ಕೈ ಅಲ್ಲಾಡಿಸದೆ ಕೂತೆ. ತಿಂದು ಮುಗಿಸಿದ ಮೇಲೆ ಓರೆಗಣ್ಣಿನಲ್ಲಿ ನೋಡಿದೆ, ಅದು ಓಡಿಹೋಗಿರಲಿಲ್ಲ. ಕೋಲು ಎಲ್ಲಿಂದ ಬರುತ್ತದೋ ಎಂದು ಕಾಯುತ್ತ ಕಣ್ಣು ಮುಚ್ಚಿಕೊಂಡು ನಿಂತಿತ್ತು. ತಿಂದ ತಪ್ಪಿಗೆ ಬೀಳುವ ಏಟಿಗೆ ತಾನಾಗಿ ಕಾಯುತ್ತಿತ್ತು ಅಣ್ಣ. ಇದನ್ನು ನೀನು ನೋಡಬೇಕಿತ್ತು.

ಆಮೇಲಿನದು ನಿಧಾನದ ಕೆಲಸ. ಬೆನ್ನು ಹೋಗಿ ಪಕ್ಕ ಆಯಿತು, ಪಕ್ಕ ಹೋಗಿ ಎದುರು ಆಯಿತು. ಮಳೆ ಹಿಡಿದಾಗ ತಾನೇ ನನ್ನ ಹಿಂದೆ ಮನೆಗೆ ಬಂತು. ಒಂದು ದಿನ ನನ್ನ ಅಂಗೈಯಿಂದ ಚೂರನ್ನು ತುಟಿಯಲ್ಲಿ ಎತ್ತಿಕೊಂಡಿತು, ಹಲ್ಲು ತಾಗದ ಹಾಗೆ. ಇದನ್ನು ಕಂಡ ಜವರಣ್ಣನಿಗೆ ಬೇಜಾರು. “ಕೆಡುಸ್ಬುಟ್ಟೆ ಕಣವ್ವ ನಾಯ್ನ. ನಾಳೆ ಕಳ್ರು ಬಂದು ವಿಸ ಆಕಿದ್ರೆ ಏನ್ ಮಾಡಿಯೆ?” ಅಂದ. ನಿನ್ನ ಮಾತೇ ಅವನ ಬಾಯಲ್ಲಿ ಬಂದಂತಾಯಿತು. ಕುರಿಮನೆಗೆ ಕಬ್ಬಿಣದ ಬಾಗಿಲು ಹಾಕಿಸಿ ಬೀಗ ಜಡಿದಿದ್ದೇನೆ, ನಾಯಿ ಕತ್ತಲಾದರೆ ಒಳಗೆ ನನ್ನ ಜೊತೆ ಮಲಗುತ್ತದೆ ಎಂದೆ. ಅಷ್ಟೇ ಅಣ್ಣ. ಒಂದು ಬೀಗ. ಹುಣಸೂರಿನ ಯಾವ ಅಂಗಡಿಯಲ್ಲೂ ಸಿಗುತ್ತಿತ್ತಲ್ಲ, ಅದು ಬಿಟ್ಟು ಕೋಲು ಯಾಕೆ ಹಿಡಿದೆ?

ಕೆ.ಆರ್. ನಗರದ ಗಂಡನ ಮನೆ ಬಿಟ್ಟು ನಾನು ಬಂದ ದಿನ ನೀನು ಯಾಕೆ ಏನು ಎಂದು ಒಂದು ಮಾತು ಕೇಳಲಿಲ್ಲ. ಟ್ರಂಕು ಒಳಗಿಟ್ಟು, ತಟ್ಟೆ ಮುಂದಿಟ್ಟು, ಹೊರಗೆ ಹೋಗಿ ಕೂತೆ. ನಾನು ಅಳುತ್ತ ಉಂಡೆ. ಅದೇ ಅಣ್ಣ ಅಲ್ಲವಾ ನೀನು? ಹೆದರಿ ಬಂದವರಿಗೆ ಹೇಗೆ ಅನ್ನ ಇಡಬೇಕೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮರಿಗೆ ಹಾಗೆ ಮಾಡಿದೆ. ಅದನ್ನೇ ನನ್ನ ಕೈಯಲ್ಲಿ ಕ್ಷಮಿಸಲು ಆಗುತ್ತಿಲ್ಲ.

ನಿನ್ನೆ ನಡೆದದ್ದನ್ನು ಹೇಳುತ್ತೇನೆ. ಊಟಕ್ಕೆ ಕೂತಿದ್ದೆ, ಫೋನು ಬಂತೆಂದು ಆ ಕಡೆ ತಿರುಗಿದೆ, ಇದು ಬಂದು ನನ್ನ ತಟ್ಟೆಗೇ ಬಾಯಿ ಹಾಕಿತು. ಛೀ ಎಂದು ಕೈ ಎತ್ತಿಬಿಟ್ಟೆ. ಎತ್ತಿದ ಮೇಲೆ, ಅಯ್ಯೋ ಎಲ್ಲ ಹಾಳು ಮಾಡಿಕೊಂಡೆ ಅನ್ನಿಸಿತು. ಅದು ಮೇಲಕ್ಕೆ ನೋಡಿತು. ನನ್ನ ಕೈ ನೋಡಿತು, ಮುಖ ನೋಡಿತು, ಕಣ್ಣು ಮುಚ್ಚಲಿಲ್ಲ. ಮತ್ತೆ ತಟ್ಟೆಗೆ ಬಗ್ಗಿ ಉಳಿದ ಸಾರು ನೆಕ್ಕಿತು.

ನಾಳೆ ಪಿತೃಪಕ್ಷದಲ್ಲಿ ನಿನಗೆ ಮೊದಲ ಎಡೆ. ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ ಎಲ್ಲ ಇಡುತ್ತೇನೆ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲುತ್ತೇವಲ್ಲ, ಆ ಹೊತ್ತಿನಲ್ಲಿ ನಾಯಿ ಒಳಗಿರುತ್ತದೆ. ಊರವರು ಮೈಲಿಗೆ ಎಂದು ಬಾಯಿ ಬಡಿದುಕೊಳ್ಳಲಿ, ನಾನು ಬಾಗಿಲು ತೆಗೆಯುವುದಿಲ್ಲ. ನೀನು ಬಂದಾಗ ಅದು ನಿನ್ನ ಎಲೆಗೆ ಬಾಯಿ ಹಾಕಿರುತ್ತದೆ. ಓಡಿಸಬೇಡ. ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ಅದು ಬಿಟ್ಟಷ್ಟು ಉಣ್ಣು.

ನಿನ್ನ ತಂಗಿ