ಓಣಿಗೆ ಅಡ್ಡ ಬಿದ್ದ ಮರಳು

ಸೆಪ್ಟೆಂಬರ್ 2, ಸೋಮವಾರ

ಆಗಸ್ಟ್ 12ರಿಂದ 27ರವರೆಗೆ ನಮ್ಮ ಓಣಿಯನ್ನು ಮಾರುವ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆದುಹೋಗಿದೆ. ಈ ಫ್ರೆಂಚ್ ಹಳ್ಳಿಗೆ ಹಳ್ಳಿಯೇ ರಜೆಯಲ್ಲಿದ್ದ ಹದಿನೈದು ದಿನ. ಆಕ್ಷೇಪಣೆ ಬರೆಯುವ ಪುಸ್ತಕವನ್ನು ಮೇಯರ್ ಕಚೇರಿಯಲ್ಲಿ ಇಟ್ಟಿದ್ದರಂತೆ. ಒಂದು ಸಾಲೂ ಬಿದ್ದಿಲ್ಲ. ಈ 27ಕ್ಕೆ ಊರ ಮಂಡಳಿ ಸಭೆ — ಕೈ ಎತ್ತಿ ಮುಗಿಸುತ್ತಾರೆ. ಬ್ರೆಡ್ ತರಲು ಹೋದವಳು ಕಚೇರಿ ಗೋಡೆಯ ಮೇಲೆ ಓದಿದೆ. ಕಾರಣ ಅರ್ಧ ಸಾಲು: "ಸಾರ್ವಜನಿಕರು ಬಳಸುವುದನ್ನು ಬಿಟ್ಟಿರುವುದರಿಂದ."

ಬಿಟ್ಟವರು ಯಾರು? ಓಣಿಯ ಆ ಕೊನೆಗೆ ಫೆರ್ನಾಂದ್‌ಳ ತರಕಾರಿ ತೋಟ. ಈ ಕೊನೆಗೆ, ನಮ್ಮ ಪಕ್ಕಕ್ಕೆ, ಅವಳ ಮನೆ. ನಡುವೆ ಇನ್ನೂರು ಹೆಜ್ಜೆ. ಡಾಂಬರು ರಸ್ತೆ ಸುತ್ತಿದರೆ ಒಂದೂವರೆ ಕಿಲೋಮೀಟರು, ದಿಮ್ಮಿ ಹೊತ್ತ ಲಾರಿಗಳ ಅಂಚಿನಲ್ಲಿ. ಅವಳಿಗೆ ಎಂಬತ್ತೊಂದು. ಒಂದು ಮಂಡಿ ಲೋಹದ್ದು.

1836ರ ಭೂನಕಾಶೆಯಲ್ಲಿ ಈ ಓಣಿ ಇದೆ. ಮನೆ ಕೊಳ್ಳುವ ಮೊದಲು ನಾನು ನೋಡಿದ್ದು ನಕಾಶೆ, ಗಂಡ ಹೆಂಡ್ರಿಕ್ ನೋಡಿದ್ದು ಸೇಬಿನ ಮರ. ಮೂವತ್ತು ವರ್ಷ ದಾಖಲೆ ಕಚೇರಿಯಲ್ಲಿ ದುಡಿದವಳಿಗೆ ಈ ಆಟ ಹೊಸದಲ್ಲ. ಫ್ರೀಸ್‌ಲಾಂಡಿನಲ್ಲಿ ನಮ್ಮ ಡಚ್ ಊರಿನ ಕಾಲುವೆ ದಂಡೆಯ ದಾರಿಯನ್ನೂ 1971ರಲ್ಲಿ ಹೀಗೇ, ಬೇಸಿಗೆ ರಜೆಯಲ್ಲಿ... ಅಪ್ಪ ಪೇಪರು ಮಡಿಚಿಟ್ಟು "ಆಗಿದ್ದಾಯ್ತು" ಅಂದಿದ್ದ. ಆ ಮಾತನ್ನು ಇನ್ನೂ ಕ್ಷಮಿಸಿಲ್ಲ.

ದುರಸ್ತಿಯಲ್ಲಿರುವ ಮನೆಯ ಉತ್ತರದ ಗೋಡೆಗೆ ಸುಣ್ಣದ ಗಾರೆ ಅರ್ಧಕ್ಕೆ ನಿಂತಿತು. ಏಣಿಯ ಮೇಲಿಂದ ಹೆಂಡ್ರಿಕ್: "ಕಲಸಿದ್ದು ಹಾಳಾಗುತ್ತೆ ಗ್ರೀತ್. ಕ್ರಾಂತಿ ಊಟ ಆದ್ಮೇಲೆ ಮಾಡು."

ಸೆಪ್ಟೆಂಬರ್ 4, ಬುಧವಾರ

ಕಡತ ಕೇಳಿ ತೆಗೆಸಿದೆ. ಕಾರ್ಯದರ್ಶಿ ತಕರಾರಿಲ್ಲದೆ ಕೊಟ್ಟಳು. ಕೊಳ್ಳುವವನು ರೆಜಿಸ್ ಮಾರ್ಕು. ಓಣಿಯ ಎರಡೂ ಬದಿಯ ಹುಲ್ಲುಗಾವಲು ಅವನದು. ಸೇರಿಸಿ ಒಂದೇ ಬೇಲಿ ಹಾಕಬೇಕಂತೆ. ಸರಿ. ದನ ಸಾಕುವವನು, ಕೇಳುತ್ತಾನೆ. ಕೇಳುವುದು ತಪ್ಪಲ್ಲ.

ಆಮೇಲೆ ಪುರಾವೆ. ಒಂದೇ ಫೋಟೋ. ಓಣಿಯ ಬಾಯಿಗೆ ಅಡ್ಡವಾಗಿ ಆಳೆತ್ತರ ಮರಳು. ಪಕ್ಕದಲ್ಲಿ ಒಡೆದ ಕಲ್ಲಿನ ಗುಡ್ಡೆ, ಚಕ್ರ ಮುರಿದ ತಳ್ಳುಗಾಡಿ.

ತಳ್ಳುಗಾಡಿ ನಮ್ಮದು. ಮರಳು ನಮ್ಮದು. ಕಲ್ಲು ನಮ್ಮ ಬಚ್ಚಲುಮನೆಯದು. ಎರಡು ವಾರಕ್ಕೆ ಎಂದು ಫೆಬ್ರವರಿಯಲ್ಲಿ ಸುರಿಸಿದ್ದು.

ಮನೆಗೆ ಬಂದು ರಾಶಿಯ ಸುತ್ತ ನೋಡಿದೆ. ಜುಲೈ ಕೊನೆಗೆ ಗಾಳಿ ಎದ್ದಾಗ ಹೆಂಡ್ರಿಕ್ ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಒಂದು ಮೂಲೆಯನ್ನು ಯಾವುದೋ ಗೂಟಕ್ಕೆ ಬಿಗಿದಿದ್ದ. ಬಿಚ್ಚಿದೆ. ಗೂಟಕ್ಕೆ ಹಳದಿ ಕಾಗದ. ವಿಚಾರಣೆಯ ನೋಟಿಸು. ನನ್ನ ಅಡುಗೆಮನೆ ಕಿಟಕಿಯಿಂದ ಎಂಟು ಹೆಜ್ಜೆ.

ಜನ ಓದುವುದಿಲ್ಲ, ಓದುವುದಿಲ್ಲ ಎಂದು ಜೀವಮಾನವಿಡೀ ಬೈದವಳು...

ಸೆಪ್ಟೆಂಬರ್ 5, ಗುರುವಾರ

ಬೆಳಗ್ಗೆ ಹೆಂಡ್ರಿಕ್‌ಗೆ ಹೇಳಿದೆ.

"ಆ ಗೂಟಕ್ಕೆ ಕಟ್ಟಿದ್ದು ನೀನೇ ತಾನೇ?"

"ಹೂಂ. ಒಳ್ಳೆ ಗಟ್ಟಿ ಗೂಟ."

"ಕಾಗದ ಕಾಣಲಿಲ್ವಾ?"

"ಕಾಣ್ತು. ಫ್ರೆಂಚಲ್ಲಿತ್ತು. ಫ್ರೆಂಚ್ ನಿನ್ನ ಖಾತೆ ಅಲ್ವಾ."

ನಾನು ನಗಲಿಲ್ಲ. ಅವನೂ. ಸಲಿಕೆ ಹುಡುಕಲು ಹೋದ.

ಮಧ್ಯಾಹ್ನ ಫೆರ್ನಾಂದ್‌ಳ ಮನೆ. ಜಗಲಿಯಲ್ಲಿ ಬೀನ್ಸ್ ಸುಲಿಯುತ್ತಿದ್ದಳು. ನನಗೂ ಒಂದು ಬೋಗುಣಿ ಕೊಟ್ಟಳು.

"ಏಳು ತಿಂಗಳಿಂದ ರಸ್ತೆ ಸುತ್ತಿ ಹೋಗ್ತಿದೀರಾ?"

"ರಸ್ತೇಲಿ ಗಾಳಿ ಚೆನ್ನಾಗಿರುತ್ತೆ ಮಾದಾಮ್."

"ಲಾರಿ ಗಾಳಿ."

"ಅದೂ ಗಾಳೀನೇ."

"ಒಂದು ಮಾತು ಹೇಳಬಾರದಿತ್ತಾ?"

"ಮನೆ ಎತ್ತೋರ ಮರಳಿಗೆ ಯಾರಾದ್ರೂ ಏನಾದ್ರೂ ಅಂತಾರಾ. ಇಲ್ಲಿ ಆ ಪದ್ಧತಿ ಇಲ್ಲ. ಕೆಲಸ ಮುಗಿಯೋವರೆಗೂ ಅಕ್ಕಪಕ್ಕದೋರು ಬಾಯಿ ಮುಚ್ಕೊಂಡಿರಬೇಕು. ನಮ್ಮತ್ತೆ ಈ ಮನೆ ಎತ್ತಿಸುವಾಗ ಕಲ್ಲು ಎರಡು ವರ್ಷ ದಾರೀಲಿತ್ತು. ಪಾದ್ರಿಗಳೇ ನಿಲುವಂಗಿ ಎತ್ಕೊಂಡು ಹತ್ತಿ ಇಳೀತಿದ್ರು."

"ಮಾರ್ತಾರೆ ಅಂತ ಗೊತ್ತಿತ್ತಾ?"

ಕೈ ನಿಲ್ಲಲಿಲ್ಲ. "ಗೊತ್ತಿತ್ತು. ಮೇಯರ್ ಕೇಳೋಕೆ ಬರ್ತಾನೆ, ಬಂದ್ರೆ ಹೇಳೋಣ ಅಂದ್ಕೊಂಡಿದ್ದೆ. ಬರಲಿಲ್ಲ. ನಾನಾಗೇ ಹೋದ್ರೆ ನಿಮ್ಮ ಮೇಲೆ ಚಾಡಿ ಹೇಳಿದ ಹಾಗಾಗ್ತಿತ್ತಲ್ಲ. ಹೊಸದಾಗಿ ಬಂದೋರು ನೀವು."

ಬಂದು ಎರಡು ವರ್ಷವಾಯಿತು. ಹೊಸಬರು.

"ಬಿಡಿ ಮಾದಾಮ್. ಅಕ್ಟೋಬರಲ್ಲಿ ಆಲೂಗಡ್ಡೆ ಅಗೆದು ತೋಟ ಮುಗಿಸಿಬಿಡ್ತೀನಿ. ಎಂಬತ್ತೊಂದು ಸಾಕು."

ಹೇಳುತ್ತಲೇ ದಪ್ಪ ಕಾಳುಗಳನ್ನು ಆರಿಸಿ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಬರುವ ವರ್ಷದ ಬಿತ್ತನೆಗೆ.

ನಮ್ಮ ಕಿಟಕಿ ಕಟ್ಟೆಯ ಮೇಲೆ ವಾರವಾರ ಬಂದು ಕೂರುತ್ತಿದ್ದ ಸೊಪ್ಪು, ಮೂಲಂಗಿ, ಟೊಮೇಟೊ — ಎಲ್ಲವೂ ರಸ್ತೆ ಸುತ್ತಿ ಬಂದದ್ದು. ತಿಂದು, ಈ ವರ್ಷ ಟೊಮೇಟೊ ಸ್ವಲ್ಪ ಹುಳಿ ಎಂದು ಬೇರೆ ಹೇಳಿದ್ದೆ.

ಸೆಪ್ಟೆಂಬರ್ 15, ಭಾನುವಾರ

ಹತ್ತು ದಿನ ಪೆನ್ನು ಹಿಡಿಯಲಾಗಲಿಲ್ಲ. ಅಂಗೈ ತುಂಬ ಬೊಬ್ಬೆ. ಬಕೆಟ್ಟಿನಲ್ಲಿ ಮರಳು ಹೊತ್ತು ಹೊತ್ತು ಹೆಂಡ್ರಿಕ್‌ನ ಸೊಂಟ ಹಿಡಿಯಿತು. ಅರ್ಧವೂ ಕರಗಿರಲಿಲ್ಲ. ಗುರುವಾರ ಟ್ರ್ಯಾಕ್ಟರ್ ಸದ್ದು. ನೋಡಿದರೆ ಮಾರ್ಕು. ಓಣಿ ಕೊಳ್ಳುವವನೇ. ಮುಂದೆ ಮಣ್ಣೆತ್ತುವ ದೊಡ್ಡ ಬುಟ್ಟಿ ಕಟ್ಟಿಕೊಂಡು ಬಂದಿದ್ದ.

"ಎಲ್ಲಿ ಸುರೀಲಿ?"

"ಓಣಿ ನಿಮಗೆ ಬೇಕಲ್ವಾ?"

"ಬೇಕು. ಬೇಲಿ ಮಾತು ಬೇರೆ, ಮರಳಿನ ಮಾತು ಬೇರೆ. ಸೊಂಟ ಹಿಡಿದಿದೆ ಅಂತ ಕೇಳಿದೆ."

ಮುಕ್ಕಾಲು ಗಂಟೆಯಲ್ಲಿ ಅಂಗಳಕ್ಕೆ ಹಾಕಿ, ಕಾಫಿ ಕುಡಿದ. ಹೊರಡುವಾಗ ಕ್ಯಾಪು ತಿರುಗಿಸುತ್ತ: "ಫೆರ್ನಾಂದಮ್ಮ ತೋಟ ಬಿಟ್ಟಿದಾರೆ ಅಂದ್ರು ಕಚೇರೀಲಿ. ಬಿಟ್ಟಿಲ್ಲ ಅಂದ್ರೆ ನಾನ್ಯಾಕೆ ಕೇಳ್ಲಿ? ನನ್ನ ಹಸುವಿಗೆ ಮೊದಲ ಕರು ಹಾಕಿಸಿದ್ದು ಅವರ ಗಂಡ."

ಬಿಟ್ಟಿದಾರೆ. ಅಂದರಂತೆ.

ನಿನ್ನೆ ಫೆರ್ನಾಂದ್ ಓಣಿಯಲ್ಲಿ ನಾಲ್ಕು ಸಲ ಓಡಾಡಿದಳು. ಬುಟ್ಟಿ ಖಾಲಿ.

"ಏನು ಮರೆತ್ರಿ?"

"ಏನಿಲ್ಲ. ಸಾರ್ವಜನಿಕರು ಬಳಸ್ತಿದಾರೆ."

ಸೆಪ್ಟೆಂಬರ್ 21, ಶನಿವಾರ

ಸಂತೆಯಲ್ಲಿ ಚೀಸ್ ಅಂಗಡಿಯ ಮುಂದೆ ಮೇಯರ್ ಸೊವಾನೆ ಸಿಕ್ಕರು. ಕೈ ಕುಲುಕಿದರು. ಮನೆ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಕೆಟ್ಟ ಮನುಷ್ಯನಲ್ಲ. ಅದೇ ಕಷ್ಟ.

"ತೋಟ ಬಿಟ್ಟಿದಾರೆ ಅಂತ ನಿಮಗೆ ಹೇಳಿದ್ದು ಯಾರು?"

"ಊರಲ್ಲಿ ಹೇಳ್ತಾರೆ ಮಾದಾಮ್."

"ಊರಲ್ಲಿ ಮುನ್ನೂರು ಜನ. ಯಾರು?"

"ಮರಳು ನಿಮ್ಮದೇ ಇತ್ತಲ್ವಾ ಅಲ್ಲಿ?" — ಮೆತ್ತಗೆ, ನಗುತ್ತಲೇ.

"ನನ್ನದೇ. ಅದಕ್ಕೇ ಕೇಳ್ತಿದೀನಿ."

"ಆಗಿದ್ದಾಯ್ತು. ಆ ವಯಸ್ಸಲ್ಲಿ ಅವರಿಗೂ ಸ್ವಲ್ಪ ಆರಾಮ..." ಎಂದು ಮೇಕೆ ಚೀಸಿನ ಕಡೆ ತಿರುಗಿದರು.

ಆಗಿದ್ದಾಯ್ತು. ಐವತ್ಮೂರು ವರ್ಷದ ಮೇಲೆ, ಬೇರೆ ಭಾಷೆಯಲ್ಲಿ, ಅದೇ ಮಾತು.

ಸೆಪ್ಟೆಂಬರ್ 26, ಗುರುವಾರ

ಮಂಡಳಿಗೆ ಬರೆಯುತ್ತಿರುವ ಪತ್ರದ ಐದನೆಯ ಕರಡು. ನಕಾಶೆ, ಕಾನೂನು, ಕಲಮು, ಕಾಲುವೆ ದಂಡೆ ಎಲ್ಲ ಸೇರಿ ನಾಲ್ಕು ಪುಟ. ಫೆರ್ನಾಂದ್‌ಗೆ ಓದಿ ತೋರಿಸಿದೆ. ಎರಡನೆಯ ಪುಟದಲ್ಲಿ ಒಲೆಯ ಮೇಲಿನ ಸೂಪ್ ಕೈಯಾಡಿಸಲು ಎದ್ದಳು. ಮೂರನೆಯದರಲ್ಲಿ ಮತ್ತೆ.

"ಚೆನ್ನಾಗಿದೆ. ಮೇಯರ್ ನಿದ್ದೆ ಹೋಗ್ತಾನೆ. ನಾನೆಲ್ಲಿದೀನಿ ಇದರಲ್ಲಿ?"

"ನಿಮ್ಮ ಹೆಸರು ಬೇಡ ಅಂದ್ಕೊಂಡೆ. ತೊಂದರೆ ಯಾಕೆ ಅಂತ..."

ಸೌಟು ಕೆಳಗಿಟ್ಟಳು.

"ಮೇಯರೂ ಹಾಗೇ ಅಂದ್ಕೊಂಡ. ನನ್ನ ಕೇಳದೇ ನನಗೆ ಆರಾಮ ಕೊಟ್ಟ. ನೀನೂ ಕೇಳದೇ ನನ್ನ ಬಚ್ಚಿಟ್ಟೆ. ನಾನು ಇನ್ನೂ ಸತ್ತಿಲ್ಲ ಕಣೇ ಗ್ರೀತ್. ಹೆಸರು ಹಾಕು. ಪೂರ್ತಿ ಹಾಕು."

ಎರಡು ವರ್ಷದಲ್ಲಿ ಮೊದಲ ಸಲ ಮಾದಾಮ್ ಅನ್ನಲಿಲ್ಲ. ಸೂಪ್ ಬಡಿಸಿ, ನನ್ನ ತಟ್ಟೆಗೆ ಅವಳೇ ಬ್ರೆಡ್ ಮುರಿದು ಹಾಕಿದಳು. ನಾಲ್ಕು ಪುಟ ಅಲ್ಲೇ ಒಲೆಗೆ ಹೋಯಿತು.

ಸೆಪ್ಟೆಂಬರ್ 27, ಶುಕ್ರವಾರ, ಸಂಜೆ 6

ಸಭೆ ಏಳಕ್ಕೆ. ನೋಡಲು ಬಂದವರು ಮಾತಾಡುವಂತಿಲ್ಲ — ಮೇಯರ್ ಸಭೆ ನಿಲ್ಲಿಸಿ ಅವಕಾಶ ಕೊಟ್ಟರೆ ಮಾತ್ರ. ಕೊಡದಿದ್ದರೆ ಈ ಹೊಸ ಪತ್ರವನ್ನೇ ಕಚೇರಿ ಬಾಗಿಲಿಗೆ ಅಂಟಿಸುವುದು. ಫೆರ್ನಾಂದ್ ಆಗಲೇ ಕಾರಿನಲ್ಲಿ ಕೂತಿದ್ದಾಳೆ, ಹೆಂಡ್ರಿಕ್ ಪಕ್ಕ, ಮುಂದಿನ ಸೀಟಿನಲ್ಲಿ. ತುಟಿಗೆ ಬಣ್ಣ ಹಚ್ಚಿದ್ದಾಳೆ. ಇಲ್ಲಿ ಒಂದು ನಕಲು ಇರಲಿ:

"ಮರಳು ನನ್ನದು. ದಾರಿಗೆ ಅಡ್ಡ ಹಾಕಿದವಳು ನಾನು. ನೋಟಿಸನ್ನು ಮುಚ್ಚಿದ್ದು ನಮ್ಮ ಟಾರ್ಪಾಲು. ಅದಕ್ಕಾಗಿ ಎಲ್ಲರ ಎದುರು ಫೆರ್ನಾಂದ್ ಲಾವೆರ್ನ್ ಅವರ ಕ್ಷಮೆ ಕೇಳುತ್ತೇನೆ. ನನ್ನ ಉತ್ತರ ಮುಗಿಯಿತು. ಇನ್ನು ನಿಮ್ಮದು. ಅವರು ತೋಟ ಬಿಟ್ಟರು ಎಂದು ಹೇಳಿದವರು ಯಾರು? ಆಗಸ್ಟಿನಲ್ಲಿ, ಅಥವಾ ಯಾವತ್ತಾದರೂ, ಅವರ ಬಾಗಿಲು ತಟ್ಟಿ ಕೇಳಿದವರು ನಿಮ್ಮಲ್ಲಿ ಯಾರು? ಫೆರ್ನಾಂದ್ ಲಾವೆರ್ನ್ ಇಲ್ಲೇ ಕೂತಿದ್ದಾರೆ. ಕೈ ಎತ್ತುವ ಮೊದಲು, ಅವರ ಮುಖ ನೋಡಿ, ಹಾಗೆ ಹೇಳಿದವರ ಹೆಸರು ಹೇಳಿ —"