ಸೊನ್ನೆ ಮೇಷ್ಟ್ರ ಎಂಬತ್ತೆಂಟು

ಏಪ್ರಿಲ್ 9, ಮಂಗಳವಾರ.

ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಬಂತು. ಪಕ್ಕದ ಕೋಣೆಯ ಮೇಷ್ಟ್ರ ತರಗತಿಗೆ ಸರಾಸರಿ ನೂರಕ್ಕೆ ಎಂಬತ್ತೆಂಟು, ನನ್ನದಕ್ಕೆ ಐವತ್ಮೂರು. ಅವನೋ, ಎರಡು ತಿಂಗಳು ಪಾಠ ಬಿಟ್ಟು, ಎ-ಬಿ-ಸಿ-ಡಿ ಆಯ್ಕೆಯ ಉತ್ತರಪತ್ರಿಕೆಯ ಸೊನ್ನೆಗಳಿಗೆ ಶಾಯಿ ತುಂಬುವುದನ್ನೇ ಕಲಿಸಿದ ಆಸಾಮಿ. 'ಸೊನ್ನೆ ಮೇಷ್ಟ್ರು' ಎಂದು ಹೆಸರಿಟ್ಟವಳೇ ನಾನು. ಇಂಥ ಪರೀಕ್ಷೆಗಳನ್ನು ಸುಡಿ ಎಂದು ಬೀದಿಯಲ್ಲಿ ಗಂಟಲು ಹರಿದುಕೊಂಡವಳ ಕಣ್ಣು ಮೊದಲು ಹುಡುಕಿದ್ದು ಅವನ ಅಂಕಿಯನ್ನು.

ಸಂಜೆ ಅವನೇ ಬಂದ. "ಅಕ್ಕಾ, ಫೇಲಾದ ನಿಮ್ಮ ಹನ್ನೊಂದು ಮಕ್ಕಳನ್ನ ಮರುಪರೀಕ್ಷೆಗೆ ನಾನು ತಯಾರು ಮಾಡ್ಲಾ? ನನ್ನ ಬೈಕೊಂಡೇ ಕಳಿಸಿ, ಪರವಾಗಿಲ್ಲ."

"ನನ್ನ ಮಕ್ಕಳು ಸೊನ್ನೆ ತುಂಬೋಕೆ ಹುಟ್ಟಿಲ್ಲ ಕಣಪ್ಪಾ" ಅಂದೆ.

ಸ್ಟಾಫ್ ರೂಮಿನಲ್ಲಿ ಚಪ್ಪಾಳೆ. ತತ್ವದ ಮಾತೆಂದುಕೊಂಡರು. ಸುಳ್ಳು. ಅವನ ಕೈಯಲ್ಲಿ ಅವರು ಪಾಸಾಗಿಬಿಟ್ಟರೆ ಎಂಬ ಭಯ ನನಗೆ. ನನ್ನ ಹೊಟ್ಟೆಕಿಚ್ಚಿಗೆ ಹನ್ನೊಂದು ಮಕ್ಕಳು ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ...